ಹಿರಿಸೊಸೆ ತೋರಿಸದ ಬಳ್ಳಿ

ಒಂಬತ್ತು ವರ್ಷ ಈ ಮನೆಯ ರೊಟ್ಟಿ ಬಡಿದವಳು ನಾನು, ಹಿರಿಸೊಸೆ ಸಾತವ್ವ. ಮೈದುನನ ಹೆಂಡತಿ ಮರೆವ್ವ ಬಂದು ತಿಂಗಳಾಗಿರಲಿಲ್ಲ, ನಮ್ಮತ್ತೆ ಸುಂದರವ್ವ ನೆರೆಮನೆಯವರನ್ನು ಕರೆದು, "ಸಣ್ಣ ಸೊಸಿ ರೊಟ್ಟಿ ಹೆಂಗ ಉಬ್ಬತಾವ, ನೋಡ ಬರ್ರಿ" ಅಂದಳು. ನನ್ನವೇನು ತೌಡಿನ ರೊಟ್ಟಿಯೇ? ಹೊಟ್ಟೆಕಿಚ್ಚು ಅಂತೀರಾ? ಅನ್ನಿ, ಪಟ್ಟವಳು ನಾನೇ.

ಎಪ್ಪತ್ತಾರನೇ ಇಸವಿಯ ತೊಗರಿ ಕೊಯ್ಲಿಗೆ ಮರೆವ್ವ ಮೊದಲ ಸಲ ನಮ್ಮ ನಾಲತವಾಡದ ಹೊಲಕ್ಕೆ ಬಂದಳು. ಸಿಂದಗಿ ಪೇಟೆಯಲ್ಲಿ ಬೆಳೆದವಳು, ಗಿಡಗಂಟಿ ಒಂದೂ ಗೊತ್ತಿಲ್ಲ. ಹೊಸ ಸೊಸೆಯನ್ನು ಬದುವಿನುದ್ದಕ್ಕೂ ನಡೆಸಿ ಮುಟ್ಟಬಾರದ್ದನ್ನು ತೋರಿಸುವುದು ನಮ್ಮಲ್ಲಿ ಹಿರಿಸೊಸೆಯ ಕೆಲಸ.

"ಇದು ತುರಚಿ, ಎಲಿ ತಾಗಿದ್ರ ಉರಿ ಏಳತೈತಿ. ಇದು ಕಳ್ಳಿ, ಹಾಲು ಸಿಡದ್ರ ಕಣ್ಣ ಹೋತು" ಅಂದೆ. ಆಕೆ ಬಗ್ಗಿ ನೋಡಿ, ಎರಡನ್ನೂ ನನಗೇ ತಿರುಗಿ ಒಪ್ಪಿಸಿದಳು. ಭಾರಿ ಶಾಣ್ಯಾಕಿ!

ಬೇಲಿಯ ಕೊನೆಗೆ ನಸುಗುನ್ನಿ ಬಳ್ಳಿ ಹಬ್ಬಿತ್ತು. ಕಂದು ಕಾಯಿ, ಮೇಲೆ ಮಖಮಲ್ಲಿನಂಥ ರೋಮ. ಆ ರೋಮ ಮೈಗೆ ಹತ್ತಿದರೆ ರಕ್ತ ಬರುವ ತನಕ ಕೆರೆಯಬೇಕು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಆ ಕಡೆಯಿಂದ, "ಮರೆವ್ವಾ, ಬಿಸಲಾಗ ನಿಂದ್ರಬ್ಯಾಡ ನನ್ನವ್ವಾ" ಅಂದಳು. ಒಂಬತ್ತು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಹಾಗೆ ಕರೆದವಳಲ್ಲ.

"ಮುಗೀತು, ನಡಿ" ಅಂದುಬಿಟ್ಟೆ.

ಮಧ್ಯಾಹ್ನ ತೊಗರಿ ಹೊರೆ ಕಟ್ಟಲು ಹಗ್ಗ ಸಾಲಲಿಲ್ಲ. ಮರೆವ್ವ ಬೇಲಿಗೆ ಹೋಗಿ ಅದೇ ಬಳ್ಳಿಗೆ ಕೈಹಾಕಿದಳು. ಕೂಗಿದ್ದರೆ ಕೇಳುತ್ತಿತ್ತು. ಕೂಗಲಿಲ್ಲ.

ಚೀರಿದ್ದು ಕೇಳಿ ಅತ್ತೆ ಓಡಿದಳು. ಹುಡುಗಿಯ ಕೈ, ಕುತ್ತಿಗೆ ಕೆಂಪಗೆ ದದ್ದರಿಸಿದ್ದವು. ಹಸಿ ಸೆಗಣಿ ತಂದು ಬಳಿಯುತ್ತಾ ಅತ್ತೆ ನನ್ನತ್ತ ತಿರುಗಿದಳು.

"ಸಾತವ್ವಾ, ಇದನ್ನ ತೋರಿಸಿದ್ದಿಲ್ಲೇನ ನೀ?"

ಇಲ್ಲ ಅಂದರೆ ಮನೆಯಲ್ಲಿ ನನಗಿದ್ದ ಮರ್ಯಾದೆ ಅಲ್ಲಿಗೇ ಮುಗಿಯಿತು. ಹೌದು ಅನ್ನೋಣವೆಂದರೆ ಮರೆವ್ವ ಎದುರಿಗೇ ಕೂತಿದ್ದಾಳೆ.

ಆಕೆ ಅಳುತ್ತಲೇ ಅಂದಳು, "ಅಕ್ಕ ತೋರಿಸಿದ್ಳ್ರಿ ಅತ್ತಿ. ನಾನಽ ಮರತೆ."

ಅಂದು, ಒಮ್ಮೆ ನನ್ನ ಮುಖ ನೋಡಿದಳು. ಎಲ್ಲಾ ಗೊತ್ತಾಗಿತ್ತು ಆಕೆಗೆ.

ಅತ್ತೆ ಆಕೆಯ ತಲೆ ಸವರಿದಳು. "ತಪ್ಪ ಆದ್ರ ಹಿಂಗ ಒಪ್ಪಗೋಬೇಕ ನೋಡ, ಸಾತವ್ವಾ. ಕಲಿ."

ನನ್ನ ಮಾನ ಕಾದವಳು ಆಕೆ. ಕೈ ಹಿಡಿದು ತಪ್ಪಾಯಿತು ಅನ್ನಬೇಕಿತ್ತು. ಅಯ್ಯ ಶಿವನೇ, ಆಗಲೂ ನನಗೆ ಹೊಟ್ಟೆಕಿಚ್ಚೇ ಆಯಿತು.