ಓದದೆ ಬರೆದ ಎರಡು ದಿನ

ಪ್ರಾಣೇಶರಾಯರು ಟಿ.ಬಿ. ಡ್ಯಾಮಿನಲ್ಲಿ ಮೂವತ್ತೊಂದು ವರ್ಷ ನೀರಿನ ಮಟ್ಟ ಓದಿ ಬರೆದವರು. ಬೆಳಿಗ್ಗೆ ಎಂಟಕ್ಕೆ ಅಳತೆಪಟ್ಟಿಯ ಮುಂದೆ ನಿಂತರೆಂದರೆ, ಮನೆಗೆ ಬೆಂಕಿ ಬಿದ್ದಿದೆ ಅಂದರೂ ಅಂಕಿ ಬರೆದೇ ತಿರುಗಿ ನೋಡುವ ಆಸಾಮಿ. ಅಂಥವರಿಗೆ ನಿವೃತ್ತಿ ಅಂದರೆ ಕೈಕಾಲು ಕಟ್ಟಿ ಕೂರಿಸಿದ ಹಾಗೆ. ಅದಕ್ಕೇ, ೨೦೦೯ರ ಮಾರ್ಚಿನಲ್ಲಿ ಮಗಳು ಶ್ರೀವಾಣಿ ಬೆಂಗಳೂರಿನಿಂದ ಪುಟ್ಟದೊಂದು ಸ್ಟೀಲ್ ಡಬ್ಬಿ, ಒಂದು ಥರ್ಮಾಮೀಟರು ತಂದು ಹೊಸಪೇಟೆಯ ಮನೆಯಲ್ಲಿಟ್ಟಾಗ ಅವರಿಗೆ ಹೋದ ಜೀವ ಬಂದಂತಾಯಿತು.

ಡಬ್ಬಿಯೊಳಗೆ ಉಗುರಿನಷ್ಟು ಸಿಲಿಕಾನ್ ಚಿಪ್. ಶ್ರೀವಾಣಿಯ ಪಿಎಚ್.ಡಿ. ಪೂರ್ತಿ ನಿಂತಿದ್ದು ಅದರ ಮೇಲೆ.

"ಇದರಾಗ ಬೆಳಕು ಓಡಾಡೋ ದಾರಿ ಅದಾವಪ್ಪ, ಕೂದಲಿಗಿಂತ ಸಣ್ಣವು. ಒಂದೊಂದರ ಮ್ಯಾಲೆ ಒಂದೊಂದು ಚುಕ್ಕಿ. ಚುಕ್ಕಿ ಒಂದು ಥರ ಇದ್ರ ಬೆಳಕು ದಾಟತದ, ಇನ್ನೊಂದು ಥರ ಇದ್ರ ತಡೀತದ. ಹಂಗ ಹದಿನಾರು ಚುಕ್ಕಿ ಬರದೀನಿ. ಕರೆಂಟ್ ಇರಲಿ ಬಿಡಲಿ, ಬರದದ್ದು ಅಳಿಸಿಹೋಗಬಾರದು."

"ಕರೆಂಟ್ ಇಲ್ಲದ ಊರಿಗೇ ತಂದೀ ಬಿಡು!" ರಾಯರು ನಕ್ಕರು.

ಅವಳ ಗೈಡ್ ಕೇಳಿದ್ದು ಒಂದೇ ಪ್ರಶ್ನೆ. ಎ.ಸಿ. ಕೋಣೆಯಲ್ಲಿ ಉಳಿದದ್ದು ಹೊರಗಿನ ಬೇಸಿಗೆಯಲ್ಲಿ ಉಳಿಯುತ್ತದೆಯೇ? ಹೊಸಪೇಟೆಯ ಬೇಸಿಗೆಗಿಂತ ಪರೀಕ್ಷೆ ಬೇಕೆ! ಡಬ್ಬಿ ಮೂರು ತಿಂಗಳು ಅಟ್ಟದ ಮೇಲಿರಬೇಕು, ರಾಯರು ದಿನಕ್ಕೆ ಮೂರು ಸಲ ಅದರ ಪಕ್ಕದ ಶಾಖ ಓದಿ ಒಂದು ಪುಸ್ತಕದಲ್ಲಿ ಬರೆಯಬೇಕು. ಚುಕ್ಕಿಗಳು ಉಳಿದರೆ ಆಗಸ್ಟಿಗೆ ಪ್ರಬಂಧ ಮುಗಿಯುತ್ತದೆ. ಅಳಿದರೆ ಐದು ವರ್ಷದ ಕೆಲಸ ನೀರಲ್ಲಿ ಹೋಮ.

ಜೂನಿನಲ್ಲಿ ಬಂದು ಡಬ್ಬಿ, ಪುಸ್ತಕ ಎರಡನ್ನೂ ಒಯ್ದ ಶ್ರೀವಾಣಿ ವಾರದೊಳಗೆ ಫೋನು ಮಾಡಿದಳು. ದನಿ ಕುಗ್ಗಿತ್ತು.

"ಅಪ್ಪಾ, ನಾಲ್ಕು ಚುಕ್ಕಿ ಮಸುಕಾಗ್ಯಾವ. ಶಾಖ ನೂರು ಡಿಗ್ರಿ ಹತ್ರ ಹೋಗೋತನಕ ಇವು ಅಳಿಸಿಹೋಗಬಾರದು. ನಿಮ್ಮ ಪುಸ್ತಕದಾಗ ನಲವತ್ಮೂರು ದಾಟಿಲ್ಲ. ಅಂದ್ರ ನನ್ನ ಲೆಕ್ಕಾನೇ ತಪ್ಪು. ಒಂದು ದಿನಾನೂ ತಪ್ಪಿಸಿಲ್ಲ ಅಲ್ಲೇನು ನೀವು?"

"ಇಲ್ಲವಾ," ಎಂದುಬಿಟ್ಟರು ರಾಯರು. ಫೋನಿಟ್ಟು ಕ್ಯಾಲೆಂಡರಿನ ಮೇ ತಿಂಗಳ ಹಾಳೆ ತಿರುವಿದರು.

ಆ ತಿಂಗಳಲ್ಲಿ ಒಂದು ಮುಂಜಿಗೆಂದು ಒಬ್ಬರೇ ಕಂಪ್ಲಿಗೆ ಹೋಗಿದ್ದರು. ಬೆಳಿಗ್ಗೆ ಹೋಗಿ ಸಂಜೆಗೆ ಬರುವ ದಾರಿ. ಆದರೆ ಅದಿರು ಲಾರಿಗಳ ಸಾಲು ರಸ್ತೆ ತುಂಬ ಸಿಕ್ಕಿಕೊಂಡು ಬಸ್ಸುಗಳೇ ನಿಂತುಹೋದವು. ಮನೆ ಸೇರಿದ್ದು ಮೂರನೆಯ ದಿನ. ಪುಸ್ತಕದಲ್ಲಿ ಎರಡು ಸಾಲು ಖಾಲಿ! ಖಾಲಿ ಸಾಲು ಕಂಡರೆ ಅವರ ಕೈ ಸುಮ್ಮನಿರುವುದುಂಟೆ? ಡ್ಯಾಮಿನಲ್ಲಿ ಜ್ವರ ಬಂದು ಮಲಗಿದ ದಿನಗಳಿಗೆ ಮಾಡುತ್ತಿದ್ದಂತೆ, ಹಿಂದಿನ ದಿನದ್ದಕ್ಕೂ ಮುಂದಿನದ್ದಕ್ಕೂ ನಡುವಿನ ಅಂಕಿ ತುಂಬಿಸಿದ್ದರು. ನೀರು ಒಮ್ಮೆಲೇ ಜಿಗಿಯುವುದಿಲ್ಲ, ಶಾಖವೂ ಅಷ್ಟೇ ಎಂದುಕೊಂಡಿದ್ದರು. ಈಗ ಹೇಳಿದರೆ ಮೂವತ್ತೊಂದು ವರ್ಷದ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮಗಳ ಬದುಕು. ಎರಡು ದಿನ ಒದ್ದಾಡಿದರು. ಮೂರನೆಯ ದಿನ ಹೆಂಡತಿ ನೀರಜಾ ಎದುರಿಗೇ ಫೋನು ಹಚ್ಚಿದರು.

"ವಾಣಿ, ಕಂಪ್ಲಿಗೆ ಹೋದ ಎರಡು ದಿನ ನಾನು ಓದಿಲ್ಲ. ಸುಳ್ಳು ಬರದೀನಿ. ನಿನ್ನ ಮುಂದ ಮುಖ ಎತ್ತೋಹಂಗಿಲ್ಲ."

ಅತ್ತ ಶ್ರೀವಾಣಿ ಮಾತಾಡುವ ಮೊದಲೇ ಇತ್ತ ನೀರಜಾ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಅಯ್ಯ, ಆ ಎರಡು ದಿನ ಡಬ್ಬಿ ಅಟ್ಟದ ಮ್ಯಾಲೆ ಎಲ್ಲಿತ್ರೀ! ಲಾರಿ ಎಲ್ಲಾ ನಮ್ಮ ಓಣಿಗೇ ಬಿಟ್ಟಿದ್ರು. ಕೆಂಪು ಧೂಳು ಅನ್ನದ ತಾಟಿನಾಗೂ ಬೀಳ್ತಿತ್ತು. ಕೂಸಿನಂಥ ಸಾಮಾನು ಹಾಳಾದೀತು ಅಂತ ಬಚ್ಚಲಮನಿ ಗೂಡಿನಾಗ ಇಟ್ಟು ಬಾಗಿಲು ಹಾಕಿದ್ದೆ. ನೀವು ಬರೋದ್ರಾಗ ತಿರುಗಿ ಇಟ್ಟೆ."

"ಹಂಡೆ ಒಲಿ ಮ್ಯಾಲಿನ ಗೂಡಾ?" ರಾಯರು ಕೇಳಿದರು.

"ಹೂಂ. ತಂಗಿ ಮಗಳು ಬಾಣಂತನಕ್ಕ ಬಂದಿದ್ಲಲ್ಲ, ಎರಡು ಹೊತ್ತೂ ಒಲಿ ಉರೀತಿತ್ತು."

ಫೋನಿನಲ್ಲಿ ಶ್ರೀವಾಣಿ ಕಿರುಚಿದಳು. "ಅಮ್ಮಾ! ಎಷ್ಟು ಕಟಿಗಿ ಹಾಕಿದ್ದಿ? ಹಂಗೇ ಮತ್ತೊಮ್ಮೆ ಉರಿ ಹಾಕು. ಅಪ್ಪಾ, ನೀವು ಓದ್ರಿ!"

ಆ ಸೆಕೆಯಲ್ಲಿ ರಾಯರು ಬಚ್ಚಲಮನೆಯಲ್ಲಿ ಬೆವರಿಳಿಸುತ್ತ ಕೂತು ಹತ್ತು ನಿಮಿಷಕ್ಕೊಮ್ಮೆ ಗೂಡಿನ ಶಾಖ ಓದಿದರು. ಪಾದರಸ ನೂರಾನಾಲ್ಕಕ್ಕೆ ಹೋಗಿ ನಿಂತಿತು. ಒಂದು ಅಂಕಿಯನ್ನೂ ಅಂದಾಜಿನಲ್ಲಿ ಬರೆಯಲಿಲ್ಲ. ಶ್ರೀವಾಣಿ ಲ್ಯಾಬಿನಲ್ಲಿ ಅದೇ ಥರದ ಇನ್ನೊಂದು ಚಿಪ್ಪನ್ನು ಅಷ್ಟೇ ಶಾಖಕ್ಕೆ, ಅಷ್ಟೇ ಹೊತ್ತು ಇಟ್ಟಳು. ಅದರಲ್ಲೂ ಅವೇ ನಾಲ್ಕು ಚುಕ್ಕಿ ಮಸುಕಾದವು. ಅವಳ ಲೆಕ್ಕ ಸರಿಯಿತ್ತು.

ಆಗಸ್ಟಿನಲ್ಲಿ ಪ್ರಬಂಧದ ಪ್ರತಿ ಹಿಡಿದು ಬಂದಳು. ರಾಯರು ಇಂಗ್ಲಿಷ್ ಪುಟಗಳನ್ನೆಲ್ಲ ಹಾರಿಸಿ ಸೀದಾ ಕೊನೆಯ ಕೋಷ್ಟಕಕ್ಕೆ ಹೋದರು. ಅವರ ಅಂಕಿಗಳು ಸಾಲಾಗಿ ನಿಂತಿದ್ದವು. ಕಂಪ್ಲಿಯ ಎರಡು ದಿನಗಳ ಮುಂದೆ ಮಾತ್ರ ಅಂಕಿಯಿರಲಿಲ್ಲ.

"ಇಲ್ಲೇನು ಬರದೀಯವಾ?"

"'ಓದಿಲ್ಲ' ಅಂತ."

"ನನ್ನ ತಪ್ಪಿಗೆ ಇಷ್ಟು ಸಣ್ಣ ಮಾತು ಸಾಕಾ?"

"ಸಾಕಪ್ಪ. ಖಾಲಿ ಇದ್ರ ಏನೂ ಕೆಡಂಗಿಲ್ಲ."

ರಾಯರು ಆ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಡ್ಯಾಮಿನ ಪುಸ್ತಕದಾಗೂ ಹಿಂಗ ಬರೀಬೇಕಿತ್ತು."

"ಎಷ್ಟು ದಿನ ಇದ್ದಾವು ಅಂಥವು?"

ಅವರು ಬೆರಳು ಮಡಚಲು ಶುರುಮಾಡಿದರು. ಮೂರನೆಯದಕ್ಕೆ ನಿಂತರು.

"ನೆನಪಿಲ್ಲ, ವಾಣಿ," ಎಂದರು. "ಯಾವ್ಯಾವು ಅಂತ ನನಗೇ ಈಗ ಗೊತ್ತಿಲ್ಲ."