ಗಂಟಲು ಅಣ್ಣನಿಗೆ, ಬಾಯಿ ತಮ್ಮನಿಗೆ

ವೈಶಾಖದ ಬಿಸಿಲು ಇನ್ನೂ ಎದುರುಗೋಡೆ ಬಿಟ್ಟಿರಲಿಲ್ಲ, ಸಂಜೆ ಐದರ ಚಹಾದ ಹೊತ್ತು. ರವಿವಾರ ಪೇಟೆಯ ಹಳೆ ವಾಡೆಯ ಮಾಳಿಗೆ ಕೋಣೆಯಲ್ಲಿ ಗೌರಾಬಾಯಿ ಗಂಡನಿಗೆ ಚಮಚದಿಂದ ಚಹಾ ಕುಡಿಸುತ್ತಿದ್ದಳು. ಶಿವಪುತ್ರಪ್ಪನ ಪುಪ್ಪಸ ಕೈಕೊಟ್ಟಿತ್ತು. ಇನ್ನು ಮನೆಗೆ ಕರೆದೊಯ್ಯಿರಿ ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು. ಎರಡು ಗುಟುಕು ಇಳಿಸಿ ಚಮಚ ಸರಿಸಿದ.

"ಬಸಲಿಂಗನ ಮನ್ಯಾಗ ಆ ಸ್ಪೀಕರ್ ಇನ್ನೂ ಅದಾವೇನ?"

ತಮ್ಮ ಬಸವಲಿಂಗನ ಹೆಸರು ಆ ಬಾಯಿಂದ ಬಂದು ವರ್ಷಗಳೇ ಆಗಿದ್ದವು. ಗಂಡ ಉಳಿಯುತ್ತಾನೆಂಬ ಆಸೆ ಗೌರಾಬಾಯಿಗೆ ಇರಲಿಲ್ಲ. ಅಣ್ಣತಮ್ಮ ಒಮ್ಮೆ ಜೋಡಿ ಕೂತು ಹಾಡು ಕೇಳಲಿ, ಆಮೇಲೆ ಶಿವ ಕರೆಯಲಿ ಎಂಬುದಷ್ಟೇ ಇತ್ತು.

ಚಹಾಪುಡಿ ಅಂಗಡಿ ಕೂಡಿ ನಡೆಸುತ್ತಿದ್ದ ಕಾಲದಲ್ಲಿ ಇಬ್ಬರೂ ಸೇರಿ ಕಟ್ಟಿದ ಹಾಡಿನ ಸೆಟ್ಟು ಅದು. ಆಂಪ್ಲಿಫೈಯರ್ ಹಳೆ ಕಾಲದ ಗಾಜಿನ ವಾಲ್ವಿನದು, ಕಸುವು ಕಡಿಮೆ. ಹೊಸ ತರಹದ ಬಿಗಿ ಸ್ಪೀಕರ್ ಹಚ್ಚಿದರೆ ದಿಬ್ಬ ಏರಿದ ಮುದುಕನಂತೆ ಏದುತ್ತಿತ್ತು. ಹಳೆ ಬಜಾರಿನಿಂದ ಜೋಡಿ ಜೋಡಿ ಹೊತ್ತು ತಂದರು, ಹೊಂದದ್ದನ್ನು ಮರಳಿಸಿದರು. ಕಡೆಗೆ ಅಗಲ ಕಾಗದದ ಪರದೆಯ ಎರಡು ಸಾಗವಾನಿ ಪೆಟ್ಟಿಗೆ ಸಿಕ್ಕವು. ಮೆಲ್ಲಗೆ ತಟ್ಟಿದರೂ ಮಾತಾಡುವಂಥವು. ಹಚ್ಚಿದ ದಿನ ಸಾರಂಗಿಯ ದನಿ ಕೌದಿಯೊಳಗಿಂದ ಎದ್ದು ಬಂದಂತೆ ಬೆಚ್ಚಗೆ ಬಂತು.

ಮುಂದೆ ಮನೆ ಒಡೆಯಿತು. ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಎತ್ತಬೇಕು. ಅದು ಮನೆತನದ ರೂಢಿ. ಶಿವಪುತ್ರಪ್ಪ ಒಂದು ಪಾಲಿನಲ್ಲಿ ಆಂಪ್ಲಿಫೈಯರ್ ಮತ್ತು ಟೇಪು ಇಟ್ಟ, ಇನ್ನೊಂದರಲ್ಲಿ ಸ್ಪೀಕರ್ ಇಟ್ಟ. ಬಸವಲಿಂಗ ನೋಡಿ ನಕ್ಕ. ಯಾರ ಮನೆಯಲ್ಲೂ ಹಾಡಬಾರದೆಂದೇ ಗಂಟಲು ಬಾಯಿ ಬೇರೆ ಮಾಡಿದ್ದಾನೆ ಅಣ್ಣ, ಗಂಟಲು ಅವನೇ ಇಟ್ಟುಕೊಳ್ಳಲಿ, ಎಂದು ಬಂಧುಬಳಗದ ಎದುರೇ ಅಂದು, ಸ್ಪೀಕರ್ ಎತ್ತಿಕೊಂಡು ಊರ ಹೊರಗಿನ ವಾಕಡಕ್ಕೆ ಹೋದವನು ಮತ್ತೆ ಈ ಹೊಸ್ತಿಲು ತುಳಿದಿರಲಿಲ್ಲ.

ಮರುದಿನ ಗೌರಾಬಾಯಿ ಬಸ್ಸು ಹಿಡಿದು ವಾಕಡಕ್ಕೆ ಹೋದಳು. ಬಸವಲಿಂಗ ನೀರು ಕೊಟ್ಟ, ಕೂಡಿಸಿದ. ಸ್ಪೀಕರ್ ಬೇಕಾದರೆ ಒಯ್ಯಿರಿ, ತಾನು ಮಾತ್ರ ಬರುವುದಿಲ್ಲ ಅಂದ. ಆಗ ಆಕೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದಳು.

"ಕೂಡಿಸಿಟ್ಟರ ಒಬ್ಬಾವ ಒಯ್ತಾನ. ಬ್ಯಾರೆ ಇಟ್ಟರ ಕೇಳಾಕಾದ್ರೂ ಇಬ್ರೂ ಕೂಡತೀವಿ ಅಂದಿದ್ರು ನಿಮ್ಮಣ್ಣ."

ಬಸವಲಿಂಗ ಅತ್ತಿಗೆಯ ಎದುರು ಎದ್ದು ನಿಂತ. "ಇಷ್ಟು ವರ್ಷ ಯಾಕ ಹೇಳ್ಲಿಲ್ರಿ ವೈನಿ?"

"ಹೇಳಬ್ಯಾಡ, ಅವಗ ತಾನ ತಿಳೀಬೇಕು ಅಂದ್ರು."

"ಶಾಣ್ಯಾ ಮನಿತನಾ ನಮ್ದು," ಅಂದ ಬಸವಲಿಂಗ, ಮತ್ತು ಟೆಂಪೋದವನಿಗೆ ಫೋನು ಮಾಡಿದ.

ಸಂಜೆ ಪೆಟ್ಟಿಗೆ ಮಾಳಿಗೆ ಏರಿದವು. ಸೊರಗಿದ್ದೀ ಅಂದ ತಮ್ಮ, ನೀನೇನು ದಪ್ಪಾಗಿಲ್ಲ ಅಂದ ಅಣ್ಣ. ತಂತಿ ಕೂಡಿಸಿದರು. ವಾಲ್ವು ಕೆಂಪಗೆ ಹೊತ್ತಿಕೊಂಡವು, ಟೇಪು ತಿರುಗಿತು. ದನಿ ಬರಲಿಲ್ಲ.

ಬಸವಲಿಂಗ ಆಂಪ್ಲಿಫೈಯರಿನ ಹಿಂದಿನ ತಗಡು ಬಿಚ್ಚಿ ಮೂಸಿದ. ಸುಟ್ಟ ಅರಗಿನ ವಾಸನೆ. ಗೌರಾಬಾಯಿಯನ್ನು ಹೊರಗೆ ಜಿನೆಯ ಮೆಟ್ಟಿಲ ಮೇಲೆ ಕರೆದು, ಸ್ಪೀಕರ್ ಇಲ್ಲದೆ ಇದನ್ನು ಯಾರಾದರೂ ಹಚ್ಚಿದ್ದರೇ ಎಂದು ಕೇಳಿದ. ಆಕೆ ಇದ್ದದ್ದು ಹೇಳಿದಳು. ಪ್ರತಿ ಸೋಮವಾರ ಇವರು ಪೂಜೆ ಮುಗಿಸಿ ಹಚ್ಚುತ್ತಿದ್ದರು. ಪೂರಾ ದನಿ ಏರಿಸಿ ಆಂಪ್ಲಿಫೈಯರಿಗೇ ಕಿವಿ ಹಚ್ಚಿ ಕೂಡುತ್ತಿದ್ದರು. ಒಳಗಿನ ಕಬ್ಬಿಣ ಸೊಳ್ಳೆಯಂತೆ ಸಣ್ಣಗೆ ಹಾಡುತ್ತಿತ್ತು. ತಮ್ಮ ಬರುವತನಕ ಇದು ಜೀವಂತ ಇರಬೇಕು ಅನ್ನುತ್ತಿದ್ದರು.

ದನಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಒಳಗಿನ ಟ್ರಾನ್ಸ್‌ಫಾರ್ಮರನ್ನೇ ಸುಡುತ್ತದೆ ವೈನಿ, ಅಂದ ಬಸವಲಿಂಗ. ಮುಖ ತೊಳೆದು ಒಳಗೆ ಹೋದ.

"ಇಲಿ ತಂತಿ ಕಡದಾವಣ್ಣ."

ಶಿವಪುತ್ರಪ್ಪ ತಮ್ಮನನ್ನು ನೋಡಿದ, ಹೆಂಡತಿಯನ್ನು ನೋಡಿದ. "ನಮ್ಮ ಮನ್ಯಾಗ ಇಲಿ ಇಲ್ಲೋ," ಅಂದು ಗೋಡೆಯ ಕಡೆ ತಿರುಗಿದ.

ಮರುದಿನ ಬಸವಲಿಂಗ ಸುಟ್ಟದ್ದನ್ನು ಬಿಚ್ಚಿ ಬುಧವಾರ ಪೇಟೆಯ ರಿಪೇರಿ ಅಂಗಡಿಗೆ ಒಯ್ದು ಕೊಟ್ಟ. ಹೊಸ ತಂತಿ ಸುತ್ತಲು ಶನಿವಾರದವರೆಗೆ ಬೇಕು ಅಂದರು. ಅಲ್ಲಿತನಕ ಇರಲೆಂದು ತನ್ನ ಮನೆಯ ಹೊಸ ಆಂಪ್ಲಿಫೈಯರ್ ತಂದು ಕೂಡಿಸಿದ. ಅದರ ಕಸುವಿಗೆ ಕಿಟಕಿಯ ಗಾಜು ಅದುರಿದವು. ಸಾರಂಗಿ ತಗಡು ಕೊಯ್ದಂತೆ ಬಂತು. ಶಿವಪುತ್ರಪ್ಪ ಸ್ವಲ್ಪ ಕೇಳಿ ಕೈ ಎತ್ತಿದ.

"ಬಂದ್ ಮಾಡೋ. ಹಾಡಾಕತ್ತಿಲ್ಲ ಇದು, ಬೈಯಾಕತ್ತದ."

ಬಸವಲಿಂಗ ಬಂದ್ ಮಾಡಿದ. ವಾಕಡಕ್ಕೆ ಹೋಗಲಿಲ್ಲ. ಮಂಚದ ಪಕ್ಕ ಚಾಪೆ ಹಾಸಿಕೊಂಡು ಅಲ್ಲೇ ಇದ್ದ. ಇಬ್ಬರ ನಡುವೆ ಆ ಎರಡು ಪೆಟ್ಟಿಗೆ ಸುಮ್ಮನೆ ನಿಂತಿದ್ದವು. ಗೌರಾಬಾಯಿ ಇಬ್ಬರಿಗೂ ಚಹಾ ಕೊಟ್ಟಳು. ತಮ್ಮ ಕುಡಿದ, ಅಣ್ಣನಿಗೆ ಇಳಿಯಲಿಲ್ಲ.

ಶಿವಪುತ್ರಪ್ಪ ಹೋದದ್ದು ಶುಕ್ರವಾರ, ಬೆಳಗಿನ ಹಾಲು ಬರುವ ಮುಂಚೆ.