ಮಾದಾವರದಲ್ಲಿ ಮಡಿಲಕ್ಕಿ

“ಆ ಗಂಟೂ ಮಿಷನ್‌ಗೆ ಹಾಕಿ ಅಕ್ಕ,” ಎಂದಳು ಸೆಕ್ಯೂರಿಟಿ ಹುಡುಗಿ.

ಶಶಿರೇಖಾ ಹೆಗಲ ಬ್ಯಾಗನ್ನೇನೋ ಬೆಲ್ಟಿನ ಮೇಲೆ ಇಟ್ಟಿದ್ದಳು. ಎದೆಗೆ ಅವಚಿಕೊಂಡಿದ್ದ ಬಟ್ಟೆಯ ಗಂಟನ್ನು ಮಾತ್ರ ಬಿಡಲಿಲ್ಲ. “ಇದು ಮಡಿಲಕ್ಕಿ ಕಣಮ್ಮ. ತೌರುಮನೇಲಿ ತುಂಬಿದ್ದು. ಮನೆ ಮುಟ್ಟೋ ತನಕ ಕೆಳಗಿಡಂಗಿಲ್ಲ.”

ಮಾದಾವರ ಹಸಿರು ಮಾರ್ಗದ ಕೊನೆಯ ನಿಲ್ದಾಣ. ತುಮಕೂರು, ಕುಣಿಗಲ್ ಕಡೆಯ ಬಸ್ಸುಗಳಿಂದ ಇಳಿದವರು ಇಲ್ಲೇ ಮೆಟ್ರೋ ಹತ್ತುತ್ತಾರೆ. ಗೌರಿ ಹಬ್ಬ ಮುಗಿಸಿಕೊಂಡು ಬಂದವರ ಸಾಲು ಅವಳ ಹಿಂದೆ ಮೆಟ್ಟಿಲವರೆಗೂ ಬೆಳೆದಿತ್ತು. ತೆಂಗಿನಕಾಯಿ ಚೀಲ, ಕಜ್ಜಾಯದ ಡಬ್ಬ, ಹಳೇ ಪೇಪರಿನಲ್ಲಿ ಸುತ್ತಿದ ಬಾಳೆಹಣ್ಣು, ಊರಿನ ಅರ್ಧ ಅಂಗಡಿಯೇ ಅಲ್ಲಿ ನಿಂತಿತ್ತು. ಜನ ಗೊಣಗತೊಡಗಿದರು. ಅವರಿಗೇನು, ಕಾಯಿ ಚೀಲವನ್ನು ಎಲ್ಲಿ ಬೇಕಾದರೂ ಎತ್ತಿ ಹಾಕಬಹುದು.

ಆ ಗಂಟಿನ ಮೇಲೆ ತನಗೆ ಇಷ್ಟು ಹಟ ಬಂದದ್ದು ಶಶಿರೇಖಾಳಿಗೇ ಆಶ್ಚರ್ಯವಾಗಿತ್ತು. ಬೆಳಿಗ್ಗೆ ಅಮೃತೂರಿನಲ್ಲಿ ಅದನ್ನು ಮಡಿಲಿಗೆ ಹಾಕಿಸಿಕೊಳ್ಳುವಾಗ, ಇದೇ ಕೊನೆ, ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದಳು.

ಆರು ವರ್ಷದ ಹಿಂದೆ ಅವಳ ಅವ್ವ ದೊಡ್ಡಗಂಗಮ್ಮ ತೀರಿಕೊಂಡಾಗ ಅವ್ವನ ಏಳು ಕೆಂಪು ಕಲ್ಲಿನ ಓಲೆ ಸಿಗಲಿಲ್ಲ. ಕಾಯಿಲೆಯಿಂದ ಮಲಗಿದ್ದ ಅವ್ವನನ್ನು ಮೀಯಿಸಿ ಉಣ್ಣಿಸಿ ನೋಡಿಕೊಂಡವಳು ತಮ್ಮ ನಾಗೇಶನ ಹೆಂಡತಿ ಪ್ರಮೀಳಾ. ತಿಥಿಯ ದಿನ, ಎಲೆ ಮುಂದೆ ಕೂತಿದ್ದ ನಂಟರೆಲ್ಲರ ಎದುರು ಶಶಿರೇಖಾ, “ನೋಡ್ಕೊಂಡೋರೇ ನುಂಗವ್ರೆ” ಎಂದುಬಿಟ್ಟಳು. ಬಡಿಸುತ್ತಿದ್ದ ಪ್ರಮೀಳಾ ಸಾರಿನ ಬಕೆಟ್ಟನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಆಮೇಲೆ ಗೌರಿ ಹಬ್ಬಕ್ಕೆ ತೌರಿನಿಂದ ಕರೆಯೂ ಬರಲಿಲ್ಲ, ಬಾಗಿನವೂ ಬರಲಿಲ್ಲ. ಬಾಗಿನ ಬರದ ಹೆಣ್ಣು ಅಕ್ಕಪಕ್ಕದವರಿಗೆ ಏನೆಂದು ಹೇಳಬೇಕು? ಬೆಂಗಳೂರಿನ ವಿಜಯನಗರದ ತನ್ನ ಬೀದಿಯಲ್ಲಿ ಅವಳು ವರ್ಷಕ್ಕೊಂದು ಹೊಸ ಸುಳ್ಳು ಹುಡುಕಿಕೊಂಡು ಬಂದಿದ್ದಳು. ನಾಗೇಶನಿಗೆ ಕಾಲು ಮುರಿದದ್ದೇ ಎರಡು ಸಲವಾಗಿತ್ತು.

ಈ ವರ್ಷ ಅವನೇ ಫೋನ್ ಮಾಡಿ, “ಹಬ್ಬಕ್ಕೆ ಬಾರಕ್ಕ” ಎಂದ. ಗಂಡ ಜಯಪ್ರಕಾಶ್ ಬೇಡವೆಂದರೂ ಕೇಳದೆ ಹೋದಳು. ಹೋಗಿ ಏನು ಬಂತು? “ನೀರು ಕಾದೈತೆ,” “ಊಟಕ್ಕೆ ಏಳಿ,” ಇಷ್ಟು ಬಿಟ್ಟರೆ ಪ್ರಮೀಳಾ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಮಣೆಯ ಮೇಲೆ ಕೂರಿಸಿ ಅಕ್ಕಿ, ಕಾಯಿ, ಬೆಲ್ಲ, ಬಳೆ, ರವಿಕೆ ಕಣ ಎಲ್ಲವನ್ನೂ ಮಡಿಲಿಗೆ ಹಾಕುವಾಗಲೂ ತಲೆ ಎತ್ತಲಿಲ್ಲ. ಬಗ್ಗಿದ್ದರಿಂದ ಅವಳ ಕಿವಿ ಕಂಡಿತು. ಓಲೆ ಇರಲಿಲ್ಲ. ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಸ್ವಂತದ್ದನ್ನೂ ಎಲ್ಲೋ ಅಡ ಇಟ್ಟಿದ್ದಾಳೆ ಎಂದುಕೊಂಡಳು ಶಶಿರೇಖಾ. ಹಾಗೆಂದುಕೊಂಡು ಅವಳಿಗೆ ಒಂದಿಷ್ಟು ಸಮಾಧಾನವೇ ಆಯಿತು, ಸುಳ್ಳೇಕೆ.

ಬಸ್ಸಿನ ದಾರಿಯುದ್ದಕ್ಕೂ ಗಂಟು ತೊಡೆಯ ಮೇಲೇ ಇತ್ತು. ಪಕ್ಕದ ಸೀಟಿನಲ್ಲಿ ಏಕಾಂತಯ್ಯ ಎಂಬ ಮುದುಕರು ಕುಣಿಗಲ್ಲಿನಿಂದ ನೆಲಮಂಗಲದವರೆಗೆ ಮೆಟ್ರೋ ಪುರಾಣ ಹೇಳಿದ್ದರು. “ಮಾದಾವರದಿಂದ ತುಮಕೂರಿಗೂ ತತ್ತಾರಂತೆ ಕಣವ್ವ. ಆವಾಗ ಹೆಣ್ಮಕ್ಳು ವಾರ ವಾರ ತೌರಿಗೆ ಬರಬೌದು.”

“ಹಳಿ ಹಾಕಿದ್ರೆ ಆಗೋಯ್ತಾ ಯಜಮಾನ್ರೇ? ಕರೆಯೋರೂ ಇರಬೇಕಲ್ಲ,” ಎಂದಿದ್ದಳು. ಅವರು ನೆಲಮಂಗಲದಲ್ಲಿ ಇಳಿದುಹೋದರು.

ಈಗ ಸೆಕ್ಯೂರಿಟಿ ಹುಡುಗಿ ಹತ್ತಿರ ಬಂದು ಗಂಟನ್ನು ನೋಡಿದಳು. ಎದೆಯ ಮೇಲಿನ ಪಟ್ಟಿಯಲ್ಲಿ ಮಾನಸಾ ಎಂದಿತ್ತು. “ನಮ್ದು ಗುಬ್ಬಿ ತಾಲ್ಲೂಕು ಹಾಗಲವಾಡಿ. ನಮ್ಮಲ್ಲೂ ಹಂಗೇಯ, ನೆಲಕ್ಕಿಡಬಾರ್ದು ಅಂತಾರೆ. ಆದ್ರೆ ಅಕ್ಕ, ಇದು ನೆಲ ಅಲ್ವಲ್ಲ.” ಒಂದು ನೀಲಿ ಟ್ರೇ ತಂದು, ಒರೆಸಿ, ಮುಂದೆ ಹಿಡಿದಳು. “ಇದ್ರೊಳಗೆ ಇಡಿ. ಆ ಕಡೆ ನಾನೇ ಎತ್ಕೊಡ್ತೀನಿ. ಚೆಕ್ ಮಾಡ್ದೆ ಬಿಟ್ರೆ ನನ್ ಕೆಲ್ಸ ಹೋಗುತ್ತೆ.”

ಬೇರೆಯವರ ಕೆಲಸ ಕಳೆಯುವಷ್ಟು ಹಟ ಶಶಿರೇಖಾಳಲ್ಲಿ ಇರಲಿಲ್ಲ. ಗಂಟು ಟ್ರೇಯಲ್ಲಿ ಕೂತು ರಬ್ಬರ್ ಪರದೆಯ ಒಳಗೆ ಹೋಯಿತು.

ಹೋದದ್ದು ಹೊರಗೆ ಬರಲಿಲ್ಲ. ಮಿಷನ್ನಿನ ಸ್ಕ್ರೀನ್ ನೋಡುತ್ತಿದ್ದ ಕಾಂತೇಶ್ ಎಂಬುವನು ಬೆಲ್ಟ್ ನಿಲ್ಲಿಸಿದ. “ಅಕ್ಕಿ ಒಳಗೆ ಏನ್ ಇಟ್ಟಿದೀರಾ ಮೇಡಂ?”

“ಏನಿಲ್ಲ. ಕಾಯಿ, ಬೆಲ್ಲ, ಬಳೆ.”

“ಅದಲ್ಲ. ಚಿಕ್ಕದು ಎರಡಿದಾವೆ, ಲೋಹದ್ದು.”

ಮಾನಸಾ ಕಣ್ಣು ಹಾಯಿಸಿ, ಬನ್ನಿ ಎಂಬಂತೆ ಕೈ ಮಾಡಿದಳು. ಸ್ಕ್ರೀನಿನ ಮೇಲೆ ಕಾಯಿ ದುಂಡಗೆ ಕಾಣುತ್ತಿತ್ತು. ಬೆಲ್ಲದ ಅಚ್ಚು ಕಾಣುತ್ತಿತ್ತು. ಅಕ್ಕಿಯ ನಡುವೆ, ತಳದಲ್ಲಿ, ಎರಡು ಪುಟ್ಟ ಹೂವುಗಳು. ನಡುವೆ ಒಂದು ಚುಕ್ಕಿ, ಸುತ್ತ ಆರು.

ಏಳು ಕಲ್ಲಿನ ಓಲೆ. ಅವ್ವನ ಓಲೆ! ಹಾಗಾದರೆ ತಾನು ಅಂದದ್ದು ಸರಿ. ಆರು ವರ್ಷ ನಂಟರೆಲ್ಲ ತನ್ನನ್ನೇ ಬಾಯಿಬಡುಕಿ ಎಂದರು. ಈಗ ಯಾರಿಗೂ ಕಾಣದ ಹಾಗೆ ಅಕ್ಕಿಯೊಳಗೆ ಹುದುಗಿಸಿ ಕಳಿಸಿದ್ದಾಳೆ. ನಾಳೆಯೇ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕು, ಮೊದಲು ನಾಗೇಶನಿಗೆ.

“ಬಿಚ್ಚಿ ತೋರಿಸಿ,” ಎಂದ ಕಾಂತೇಶ್.

ಮಾನಸಾ ಟ್ರೇ ಹಿಡಿದು ನಿಂತಳು. ಶಶಿರೇಖಾ ಗಂಟು ಬಿಚ್ಚಿ ಅಕ್ಕಿಯೊಳಗೆ ಕೈ ಇಳಿಸಿದಳು. ಬೆರಳಿಗೆ ಸಿಕ್ಕಿದ್ದನ್ನು ಮೇಲೆ ತೆಗೆದು ಅಂಗೈ ಬಿಡಿಸಿದಳು.

ಕಲ್ಲು ಬಿಳಿ.

ಅವಳಿಗೆ ಆ ಓಲೆ ಚೆನ್ನಾಗಿ ಗೊತ್ತಿತ್ತು. ಪ್ರಮೀಳಾಳ ಅಪ್ಪ ಮಗಳ ಮದುವೆಗೆ ಮಾಡಿಸಿದ್ದು, ಅವ್ವನದರಂತೆಯೇ ಏಳು ಕಲ್ಲಿನದು. ಧಾರೆಯ ದಿನ ಹೆದರಿ ಬೆವರುತ್ತಿದ್ದ ಹುಡುಗಿಯ ಕಿವಿಗೆ ಅದನ್ನು ಹಾಕಿ ತಿರುಪು ಬಿಗಿ ಮಾಡಿದವಳು ತಾನೇ.

“ನಿಮ್ದೇ ತಾನೆ?” ಕಾಂತೇಶ್ ಕೇಳಿದ.

“ನಂದಲ್ಲ,” ಎಂದುಬಿಟ್ಟಳು ಶಶಿರೇಖಾ.

ಸೆಕ್ಯೂರಿಟಿಯವನ ಮುಂದೆ ಆಡುವ ಮಾತಲ್ಲ ಅದು. ಕಾಂತೇಶ್ ಕುರ್ಚಿಯಿಂದ ಎದ್ದ. “ನಿಮ್ದಲ್ದೇ ಇದ್ರೆ ಯಾರ್ದು? ಯಾರ್ ಇಟ್ಟಿದ್ದು? ಹಂಗೆಲ್ಲ ಬಿಡಕ್ಕಾಗಲ್ಲ ಮೇಡಂ.”

“ನನ್ ತಮ್ಮನ ಹೆಂಡ್ತೀದು.”

“ಅವ್ರಿಗೆ ಫೋನ್ ಮಾಡಿ. ಸ್ಪೀಕರ್‌ಗೆ ಹಾಕಿ.”

ಆ ನಂಬರು ಫೋನಿನಲ್ಲಿ ಇತ್ತು, ಒತ್ತಿದ್ದಿಲ್ಲ. ಒತ್ತಿದಳು. ಎರಡನೇ ರಿಂಗಿಗೇ ಪ್ರಮೀಳಾ ಎತ್ತಿಕೊಂಡಳು. “ಮನೆ ಮುಟ್ಟುದ್ರಾ ಅತ್ಗೆ?”

ಉತ್ತರ ಕೊಟ್ಟದ್ದು ಕಾಂತೇಶ್. ಮೆಟ್ರೋ ಸ್ಟೇಷನ್ನಿಂದ ಮಾತಾಡುತ್ತಿರುವುದು, ಇವರ ಅಕ್ಕಿಯಲ್ಲಿ ಒಂದು ಜೊತೆ ಓಲೆ ಸಿಕ್ಕಿದೆ, ಇವರು ತಮ್ಮದಲ್ಲ ಅನ್ನುತ್ತಿದ್ದಾರೆ, ಯಾರದ್ದು ಎಂದು ಕೇಳಿದ.

ಆ ಕಡೆ ಹಿತ್ತಲಲ್ಲಿ ಯಾರೋ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು.

“ಅವ್ರದ್ದೇ ಸಾರ್,” ಎಂದಳು ಪ್ರಮೀಳಾ. “ಅವ್ರ ಅವ್ವಂದು. ನಮ್ಮನೇಲೇ ಉಳ್ಕಂಡಿತ್ತು. ನಾನೇ ಇಟ್ಕಂಡಿದ್ದೆ. ಈಗ ಕೊಟ್ಟಿವ್ನಿ.”

ಕಾಂತೇಶ್‌ಗೆ ಅಷ್ಟು ಸಾಕಾಗಿತ್ತು. ಹೋಗಿ ಎಂದು ಕೈ ಮಾಡಿ ಕುರ್ಚಿಗೆ ಮರಳಿದ. ಬೆಲ್ಟ್ ಮತ್ತೆ ಓಡತೊಡಗಿತು, ಕಾಯಿ ಚೀಲಗಳು ಒಂದರ ಹಿಂದೊಂದು ಒಳಗೆ ಹೋದವು.

ಶಶಿರೇಖಾ ಸ್ಪೀಕರ್ ತೆಗೆದು ಫೋನನ್ನು ಕಿವಿಗೆ ಹಿಡಿದಳು. ನಾಚಿಕೆಯಿಂದ ದನಿ ತಗ್ಗಿಸಿದಳು. “ಅವ್ವಂದು ಕೆಂಪು ಕಲ್ಲು ಕಣೇ ಪ್ರಮೀಳಾ.”

“ಊಂ.”

“ಮತ್ತೆ ಯಾಕಂಗಂದೆ?”

“ಅದು ಸಿಕ್ಲಿಲ್ಲ ಅತ್ಗೆ. ಅಟ್ಟ, ಹಿತ್ಲು, ಅವ್ವನ ಹಾಸಿಗೆ ಹತ್ತಿ, ಎಲ್ಲಾ ಜಾಲಾಡ್ದೆ. ಈಗ್ಲೂ ಕಸ ಗುಡಿಸ್ವಾಗ ನೋಡ್ತೀನಿ.” ಪ್ರಮೀಳಾ ಉಸಿರೆಳೆದುಕೊಂಡಳು. “ಆ ಜೊತೆಗೆ ಈ ಜೊತೆ ಅಂದ್ಕಂಡು ಇಟ್ಕಬುಡಿ. ಇವ್ರು ಹಬ್ಬ ಬಂದ್ರೆ ಊಟ ಮಾಡಲ್ಲ, ನಿಮ್ಮನ್ನ ನೆನೆಸ್ಕಂಡು.”

ಕೆಳಗೆ ರಸ್ತೆಯ ಆಚೆ ಬದಿಯಲ್ಲಿ ಕುಣಿಗಲ್ ಬೋರ್ಡಿನ ಬಸ್ಸೊಂದು ನಿಂತು ಜನ ಹತ್ತಿಸಿಕೊಳ್ಳುತ್ತಿರುವುದು ಶಶಿರೇಖಾಳಿಗೆ ಕಂಡಿತು. ಓಡಿದರೆ ಸಿಗುತ್ತಿತ್ತು. ಆದರೆ ಮಡಿಲು ತುಂಬಿಸಿಕೊಂಡು ಹೊರಟವಳು ಅದೇ ದಿನ ತಿರುಗಿ ಹೋಗುವಂತಿಲ್ಲ. ಅವ್ವ ಎಷ್ಟು ಸಲ ಹೇಳಿದ್ದಳು. ಬಸ್ಸು ಹೊರಟಿತು.

“ಪ್ರಮೀಳಾ, ಆ ಕಡ್ಡಿ ತೆಗೀಬ್ಯಾಡ ಕಣೇ,” ಎಂದಳು. “ಕಿವಿ ತೂತು ಮುಚ್ಚೋಗುತ್ತೆ. ಭಾನುವಾರ ಬರ್ತೀನಿ.”

ಆ ಕಡೆ ಪಾತ್ರೆ ತಿಕ್ಕುವ ಸದ್ದು ನಿಂತಿತ್ತು.

ಮಾನಸಾ ಅಷ್ಟು ಹೊತ್ತೂ ಟ್ರೇ ಹಿಡಿದೇ ನಿಂತಿದ್ದಳು. ಗಂಟು ಕಟ್ಟಲು ತಾನೂ ಒಂದು ತುದಿ ಹಿಡಿದುಕೊಟ್ಟಳು. ಟ್ರೇಯ ಮೂಲೆಯಲ್ಲಿ ಉಳಿದಿದ್ದ ನಾಲ್ಕು ಕಾಳನ್ನು ಶಶಿರೇಖಾ ಬೆರಳಿಗೆ ಅಂಟಿಸಿ ತೆಗೆದು ಸೆರಗಿಗೆ ಹಾಕಿಕೊಂಡಳು.

ಹೆಂಗಸರ ಬೋಗಿಯಲ್ಲಿ ಸೀಟು ಸಿಕ್ಕಿತು. ನಾಗಸಂದ್ರ ದಾಟಿತು, ಪೀಣ್ಯ ದಾಟಿತು. ನಿಲ್ದಾಣಕ್ಕೊಂದಿಷ್ಟು ಜನ ತುಂಬಿಕೊಂಡರು. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು, ಮೆಟ್ಟಿಲು, ನೂಕಾಟ. ಅವಳು ಒಂದೇ ತೋಳಿನಲ್ಲಿ ಗಂಟನ್ನು ತಬ್ಬಿಕೊಂಡಿದ್ದಳು. ಓಲೆ ಹಿಡಿದಿದ್ದ ಇನ್ನೊಂದು ಕೈಯ ಮುಷ್ಟಿ ಮುಚ್ಚಿಯೇ ಇತ್ತು.

“ಭಾರ ಇದ್ಯಲ್ಲ ಆಂಟಿ, ಕೆಳಗಿಡಿ, ಜಾಗ ಇದೆ,” ಎಂದು ಎದುರಿಗೆ ನಿಂತಿದ್ದ ಕಾಲೇಜು ಹುಡುಗಿ ಕಾಲು ಸರಿಸಿಕೊಂಡಳು.

“ಬ್ಯಾಡ ಬುಡಮ್ಮ,” ಎಂದು ಶಶಿರೇಖಾ ಗಂಟನ್ನು ಎಡತೊಡೆಯಿಂದ ಬಲತೊಡೆಗೆ ಬದಲಾಯಿಸಿಕೊಂಡಳು.